ಅತ್ಯುತ್ತಮ ವೆಸ್ಟರ್ನ್ ಸಿನಿಮಾ ಯಾವುದು? ಜಗಳಕ್ಕೆ ಕೂರುವ ಮುಂಚೆ ಓದಬಹುದಾದ ಪ್ರಶ್ನೋತ್ತರ

ಯಾವ ಸಿನಿಮಾಗಳನ್ನು ವೆಸ್ಟರ್ನ್ ಅಂತ ಲೆಕ್ಕಕ್ಕೆ ತಗೊಳ್ಳಬೇಕು?

ಅಮೆರಿಕದ ಪಶ್ಚಿಮದ ಬಯಲು, ಮರುಭೂಮಿ, ಗುಡ್ಡಗಳಲ್ಲಿ ನಡೆಯುವ ಕಥೆಗಳು. ಕಾಲ ಹೆಚ್ಚುಕಡಿಮೆ 1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದಾಗಿನಿಂದ 1890ರವರೆಗೆ. ಟೆಕ್ಸಾಸ್‌ನಿಂದ ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ದನ ಹೊಡೆದುಕೊಂಡು ಹೋಗುತ್ತಿದ್ದರು. ಸರ್ಕಾರ 160 ಎಕರೆ ಕೊಡುತ್ತದೆ ಅಂತ ಸಂಸಾರ ಸಮೇತ ಗಾಡಿ ಹತ್ತಿ ಹೊರಟಿದ್ದರು. ಆ ನೆಲದಲ್ಲಿ ಮೊದಲೇ ಇದ್ದವರನ್ನು ಓಡಿಸಿದ್ದೂ ಆಗಲೇ. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿತು. ಬಯಲಿಗೆ ಬೇಲಿ ಬಿತ್ತು, ರೈಲು ಎಲ್ಲ ಕಡೆ ಬಂತು, ದನ ಹೊಡೆಯುವವರ ಕೆಲಸ ಹೋಯಿತು.

ಅಂದರೆ ಇಪ್ಪತ್ತೈದು ವರ್ಷದ ಚರಿತ್ರೆ ಅಷ್ಟೇ. ಅದರ ಮೇಲೆ ನೂರ ಇಪ್ಪತ್ತು ವರ್ಷದಿಂದ ಸಿನಿಮಾ ಮಾಡುತ್ತಲೇ ಇದ್ದಾರೆ! 1903ರ 'ದಿ ಗ್ರೇಟ್ ಟ್ರೈನ್ ರಾಬರಿ' ಸುಮಾರು 12 ನಿಮಿಷದ್ದು. ಅದನ್ನು ತೆಗೆದದ್ದು ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ, ಅದೂ ನಿಜವಾದ ರೈಲು ದರೋಡೆಕೋರರು ಇನ್ನೂ ಬದುಕಿದ್ದಾಗಲೇ. ಹಾಗಾಗಿ 'ನಿಜವಾದ ಪಶ್ಚಿಮ' ಅಂತ ಯಾರಾದರೂ ಹೇಳಿದರೆ ಸ್ವಲ್ಪ ಹುಷಾರಾಗಿರಿ.

ಎಲ್ಲರೂ ಒಪ್ಪುವ ಪಟ್ಟಿ ಒಂದೂ ಇಲ್ವಾ?

ಹತ್ತಿರದ್ದು ಒಂದಿದೆ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಹತ್ತು ಹೆಸರು ಕೊಟ್ಟಿತು. ಮೊದಲು 'ದಿ ಸರ್ಚರ್ಸ್', ಆಮೇಲೆ 'ಹೈ ನೂನ್', 'ಶೇನ್', 'ಅನ್‌ಫರ್ಗಿವನ್', 'ರೆಡ್ ರಿವರ್', 'ದಿ ವೈಲ್ಡ್ ಬಂಚ್', 'ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡ್ಯಾನ್ಸ್ ಕಿಡ್', 'ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್', 'ಸ್ಟೇಜ್‌ಕೋಚ್', ಕೊನೆಗೆ 'ಕ್ಯಾಟ್ ಬಲ್ಲೂ'.

ಇದರಲ್ಲಿ ನಿರ್ದೇಶಕ ಸೆರ್ಜಿಯೋ ಲಿಯೋನೆಯ ಒಂದು ಸಿನಿಮಾನೂ ಇಲ್ಲ. ಅದು ಅಮೆರಿಕದ ಸಿನಿಮಾಗಳ ಪಟ್ಟಿ, ಆತ ಇಟಲಿಯವನು. ನಿಯಮ ಅರ್ಥವಾಗುತ್ತದೆ. ಆದರೂ 'ಕ್ಯಾಟ್ ಬಲ್ಲೂ'ನಂಥ ತಮಾಷೆ ಸಿನಿಮಾ ಇರುವ ಪಟ್ಟಿಯಲ್ಲಿ ಲಿಯೋನೆ ಇಲ್ಲ ಅಂದರೆ ಅದನ್ನು ಕೊನೆಯ ಮಾತು ಅಂತ ಒಪ್ಪುವುದು ಕಷ್ಟ.

ನನ್ನ ಪ್ರಕಾರ ಪಟ್ಟಿಗಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ. ವೆಸ್ಟರ್ನ್‌ಗಳು ಒಂದಕ್ಕೊಂದು ಉತ್ತರ ಕೊಡುತ್ತಾ ಹುಟ್ಟಿದ ಸಿನಿಮಾಗಳು. ಒಂದು ಸಿನಿಮಾ ಯಾರ ಮಾತಿಗೆ ತಿರುಗಿ ಮಾತಾಡುತ್ತಿದೆ ಅಂತ ಗೊತ್ತಾದರೆ ಅದರ ತೂಕ ಗೊತ್ತಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಅದೇ ದಾರಿ ಹಿಡಿದಿದ್ದೇನೆ.

'ದಿ ಸರ್ಚರ್ಸ್' ಯಾಕೆ ಯಾವಾಗಲೂ ಮೇಲೆ ಇರುತ್ತದೆ? ನೋಡಿದೆ, ಅಷ್ಟೇನೂ ಅನ್ನಿಸಲಿಲ್ಲ.

ಹೀಗೆ ಅನ್ನಿಸುವವರು ತುಂಬಾ ಜನ. 1956ರಲ್ಲಿ ಬಂದಾಗ ಅದಕ್ಕೆ ಒಂದೇ ಒಂದು ಆಸ್ಕರ್ ನಾಮನಿರ್ದೇಶನವೂ ಸಿಗಲಿಲ್ಲ. ಅದಕ್ಕೆ ಹೆಸರು ಬಂದದ್ದು ನಂತರದ ತಲೆಮಾರಿನ ನಿರ್ದೇಶಕರಿಂದ. ಮಾರ್ಟಿನ್ ಸ್ಕಾರ್ಸೆಸಿಯಂಥವರು ಹುಡುಗರಾಗಿದ್ದಾಗ ನೋಡಿ, ಅದನ್ನು ತಲೆಯಲ್ಲಿಟ್ಟುಕೊಂಡೇ ಬೆಳೆದರು.

ಕಥೆ ಇಷ್ಟು. ಯುದ್ಧ ಮುಗಿದು ಮೂರು ವರ್ಷದ ಮೇಲೆ ಈಥನ್ ಎಡ್ವರ್ಡ್ಸ್ ತಮ್ಮನ ಮನೆಗೆ ಬರುತ್ತಾನೆ. ಕೊಮಾಂಚಿ ಎಂಬ ಮೂಲನಿವಾಸಿ ಬುಡಕಟ್ಟಿನವರು ಆ ಮನೆಯವರನ್ನು ಕೊಂದು ಪುಟ್ಟ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾರೆ. ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ನಡುವೆ ಎಲ್ಲೋ ನಮಗೆ ಗೊತ್ತಾಗುತ್ತದೆ, ಇವನು ಅವಳನ್ನು ಕಾಪಾಡಲು ಹುಡುಕುತ್ತಿಲ್ಲ, ಕೊಲ್ಲಲು ಹುಡುಕುತ್ತಿದ್ದಾನೆ. ಅವಳು 'ಅವರವಳು' ಆಗಿಬಿಟ್ಟಳು ಅನ್ನುವುದು ಅವನ ಸಿಟ್ಟು.

ಇಲ್ಲಿ ನಿರ್ದೇಶಕ ಜಾನ್ ಫೋರ್ಡ್ ಮಾಡಿದ್ದನ್ನು ಗಮನಿಸಿ. 1939ರ 'ಸ್ಟೇಜ್‌ಕೋಚ್'ನಲ್ಲಿ ಜಾನ್ ವೇಯ್ನ್‌ನನ್ನು ಸ್ಟಾರ್ ಮಾಡಿದವನೇ ಅವನು. ಅದೇ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ನಡುವೆ, ಅದೇ ನಟನನ್ನು ಈಥನ್ ಆಗಿ ನಿಲ್ಲಿಸಿ, 'ನೀವು ಹದಿನೇಳು ವರ್ಷ ಚಪ್ಪಾಳೆ ಹೊಡೆದ ಮನುಷ್ಯನ ಒಳಗೆ ಇಷ್ಟು ದ್ವೇಷ ಇದೆ ನೋಡಿ' ಅಂತ ತೋರಿಸಿದ. ತನ್ನ ಸಿನಿಮಾಗೆ ತಾನೇ ಕೊಟ್ಟ ಉತ್ತರ ಅದು. ಸತ್ತ ಕೊಮಾಂಚಿಯ ಕಣ್ಣಿಗೆ ಈಥನ್ ಗುಂಡು ಹೊಡೆಯುವ ದೃಶ್ಯ ನೋಡಿ. ಅವನ ಆತ್ಮ ಅಲೆಯುತ್ತಲೇ ಇರಲಿ ಅಂತ ಹಾಗೆ ಮಾಡುತ್ತಾನೆ. ಅಂದರೆ ಶತ್ರುವಿನ ನಂಬಿಕೆ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತು!

ಹಾಗಂತ ನಾನು ಅದಕ್ಕೆ ಮೊದಲ ಸ್ಥಾನ ಕೊಡುವುದಿಲ್ಲ. ಮಧ್ಯದಲ್ಲಿ ಹಾಸ್ಯ ಅಂತ ತುರುಕಿದ ಭಾಗಗಳು ಈಗ ನೋಡಲು ಹಿಂಸೆ. 'ಲುಕ್' ಎಂಬ ಮೂಲನಿವಾಸಿ ಹೆಂಗಸನ್ನು ದಿಬ್ಬದಿಂದ ಒದ್ದು ಉರುಳಿಸುವುದನ್ನು ನಗುವುದಕ್ಕೆ ಅಂತ ಇಟ್ಟಿದ್ದಾರೆ. ಕೊಮಾಂಚಿ ನಾಯಕನ ಪಾತ್ರ ಮಾಡಿದ್ದು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರಾಂಡನ್. ಜನಾಂಗದ್ವೇಷವನ್ನು ಪ್ರಶ್ನಿಸುವ ಸಿನಿಮಾ ತಾನೂ ಅದರಿಂದ ಪೂರ್ತಿ ಹೊರಗೆ ಬಂದಿಲ್ಲ.

'ಹೈ ನೂನ್' ಒಳ್ಳೆಯದೋ 'ರಿಯೋ ಬ್ರಾವೋ' ಒಳ್ಳೆಯದೋ?

ಇದು ನಿಜವಾದ ಜಗಳ. ನಾವು ಹುಟ್ಟುಹಾಕಿದ್ದಲ್ಲ, ಅವರೇ ಆಡಿದ್ದು.

1952ರ 'ಹೈ ನೂನ್'ನಲ್ಲಿ ಗ್ಯಾರಿ ಕೂಪರ್ ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ. ಅವತ್ತೇ ಮದುವೆ ಆಗಿದೆ. ಹನ್ನೆರಡು ಗಂಟೆ ರೈಲಿಗೆ ಹಳೆಯ ವೈರಿ ಬರುತ್ತಿದ್ದಾನೆ. ಸಹಾಯ ಕೇಳಿಕೊಂಡು ಮನೆಮನೆಗೆ, ಚರ್ಚಿಗೆ, ಸಲೂನ್‌ಗೆ ಹೋಗುತ್ತಾನೆ. ಯಾರೂ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನೆಪ. ಸಿನಿಮಾ ಇರುವುದು 85 ನಿಮಿಷ, ಕಥೆ ನಡೆಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗೋಡೆ ಗಡಿಯಾರ ಮತ್ತೆ ಮತ್ತೆ ಕಾಣುತ್ತದೆ.

ಬರೆದವನು ಕಾರ್ಲ್ ಫೋರ್‌ಮನ್. ಚಿತ್ರೀಕರಣ ನಡೆಯುತ್ತಿರುವಾಗಲೇ ಅವನನ್ನು ಕಮ್ಯುನಿಸ್ಟರ ಬೇಟೆಯಾಡುತ್ತಿದ್ದ ಸಂಸತ್ ಸಮಿತಿಯ ಮುಂದೆ ನಿಲ್ಲಿಸಿದರು. ಗೆಳೆಯರ ಹೆಸರು ಹೇಳಲು ಒಪ್ಪಲಿಲ್ಲ. ಹಾಲಿವುಡ್‌ನಲ್ಲಿ ಕೆಲಸ ಹೋಯಿತು, ಇಂಗ್ಲೆಂಡಿಗೆ ಹೊರಟ. ಕಷ್ಟದ ದಿನ ಬಾಗಿಲು ಹಾಕಿಕೊಳ್ಳುವ ಊರನ್ನು ಅವನು ಸುಮ್ನೆ ಕಲ್ಪಿಸಿಕೊಂಡಿರಲಿಲ್ಲ.

ಜಾನ್ ವೇಯ್ನ್‌ಗೆ ಈ ಸಿನಿಮಾ ಕಂಡರೆ ಆಗುತ್ತಿರಲಿಲ್ಲ. ಅಮೆರಿಕಕ್ಕೆ ವಿರುದ್ಧವಾದ ಸಿನಿಮಾ ಅಂತ ಬಹಿರಂಗವಾಗಿಯೇ ಹೇಳಿದ. ತಮಾಷೆ ಏನು ಗೊತ್ತಾ? ಕೂಪರ್‌ಗೆ ಇದೇ ಪಾತ್ರಕ್ಕೆ ಆಸ್ಕರ್ ಬಂದಾಗ, ಅವನ ಪರವಾಗಿ ವೇದಿಕೆ ಹತ್ತಿ ಅದನ್ನು ಪಡೆದವನು ವೇಯ್ನ್! ಈ ಪಾತ್ರ ನನಗೇಕೆ ಸಿಗಲಿಲ್ಲ ಅಂತ ಅಲ್ಲೇ ತಮಾಷೆ ಬೇರೆ ಮಾಡಿದ.

ನಿರ್ದೇಶಕ ಹೋವರ್ಡ್ ಹಾಕ್ಸ್‌ಗೆ ಬೇರೆ ತಕರಾರು. ಕೆಲಸ ಗೊತ್ತಿರುವ ಶೆರಿಫ್ ಬೀದಿಬೀದಿ ಅಲೆದು ಸಹಾಯ ಬೇಡುವುದಿಲ್ಲ ಅನ್ನುವುದು ಅವನ ವಾದ. ಅದಕ್ಕೇ ವೇಯ್ನ್‌ನನ್ನು ಹಾಕಿಕೊಂಡು 1959ರಲ್ಲಿ 'ರಿಯೋ ಬ್ರಾವೋ' ಮಾಡಿದ. ಇಲ್ಲಿ ಜನ ತಾವಾಗಿ ಸಹಾಯಕ್ಕೆ ಬರುತ್ತಾರೆ, ಶೆರಿಫ್ ಬೇಡ ಅನ್ನುತ್ತಾನೆ. ಕೊನೆಗೆ ಉಳಿಯುವುದು ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಹುಡುಗ. ಕೈ ನಡುಗುವ ಕುಡುಕನಾಗಿ ಡೀನ್ ಮಾರ್ಟಿನ್ ಮಾಡಿದ್ದು ಅವನ ಜೀವನದ ಒಳ್ಳೆಯ ಅಭಿನಯಗಳಲ್ಲಿ ಒಂದು.

ನನಗೆ 'ರಿಯೋ ಬ್ರಾವೋ' ಜಾಸ್ತಿ ಇಷ್ಟ. ಎರಡೂಕಾಲು ಗಂಟೆಗೂ ಮೀರಿದ್ದು, ಅದರಲ್ಲಿ ಅರ್ಧ ಹೊತ್ತು ಏನೂ ನಡೆಯುವುದಿಲ್ಲ, ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಆದರೆ ಮಾತಿನ ಹರಿತ 'ಹೈ ನೂನ್'ನದೇ. 1989ರ ಜೂನ್ 4ರಂದು ಪೋಲೆಂಡಿನಲ್ಲಿ ಚುನಾವಣೆ ನಡೆದಾಗ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಯವರು ಗೋಡೆಗೆ ಅಂಟಿಸಿದ ಪೋಸ್ಟರ್‌ನಲ್ಲಿ ಗ್ಯಾರಿ ಕೂಪರ್ ನಡೆದು ಬರುತ್ತಿದ್ದ. ಕೈಯಲ್ಲಿ ಬಂದೂಕಿನ ಬದಲು ಮತಪತ್ರ. ಅಮೆರಿಕಕ್ಕೆ ವಿರುದ್ಧ ಅಂತ ಬೈಸಿಕೊಂಡ ಸಿನಿಮಾ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸುವ ಕೆಲಸಕ್ಕೆ ಬಂತು.

ಇಟಲಿಯವರು ಸ್ಪೇನ್‌ನಲ್ಲಿ ತೆಗೆದದ್ದನ್ನು ವೆಸ್ಟರ್ನ್ ಅನ್ನಬಹುದಾ?

ಅನ್ನಲೇಬೇಕು. ಇಲ್ಲದಿದ್ದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ.

ಯಾರು ಯಾರಿಂದ ತಗೊಂಡರು ನೋಡಿ. ಜಪಾನಿನ ಅಕಿರ ಕುರೋಸಾವಾಗೆ ಜಾನ್ ಫೋರ್ಡ್ ಅಂದರೆ ತುಂಬಾ ಗೌರವ. ಅವನ 'ಸೆವೆನ್ ಸಮುರಾಯ್' ಅನ್ನು ಹಾಲಿವುಡ್ 1960ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿತು. ಕುರೋಸಾವಾನದೇ 1961ರ 'ಯೋಜಿಂಬೋ' ನೋಡಿದ ಲಿಯೋನೆ 1964ರಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದ, ಆದರೆ ಹಕ್ಕು ಕೊಳ್ಳಲಿಲ್ಲ. ಜಪಾನಿನವರು ಕೇಸು ಹಾಕಿದರು. ಗಳಿಕೆಯಲ್ಲಿ ಶೇಕಡ 15 ಕೊಟ್ಟು ರಾಜಿಯಾಗಬೇಕಾಯಿತು. ಅಮೆರಿಕದಲ್ಲಿ ಅದು ತೆರೆಕಂಡದ್ದು 1967ರಲ್ಲಿ.

ಟಿ.ವಿ. ಧಾರಾವಾಹಿಯಲ್ಲಿ ದನ ಕಾಯುತ್ತಿದ್ದ ಕ್ಲಿಂಟ್ ಈಸ್ಟ್‌ವುಡ್‌ಗೆ ಆ ಸಿನಿಮಾಗೆ ಸಿಕ್ಕಿದ್ದು 15,000 ಡಾಲರ್. ಲಿಯೋನೆಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಈಸ್ಟ್‌ವುಡ್‌ಗೆ ಇಟಾಲಿಯನ್ ಬರುತ್ತಿರಲಿಲ್ಲ. ಚಿತ್ರೀಕರಣದಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆ ಮಾತಾಡಿ ಆಮೇಲೆ ಡಬ್ ಮಾಡುತ್ತಿದ್ದರು. ಸ್ಪೇನ್‌ನ ಆಲ್ಮೆರಿಯಾ ಹತ್ತಿರದ ತಬೆರ್ನಾಸ್ ಮರುಭೂಮಿ ಮೆಕ್ಸಿಕೋ ಗಡಿ ಆಯಿತು. ಅಲ್ಲಿನ ಸೆಟ್ ಊರುಗಳನ್ನು ಇವತ್ತೂ ಪ್ರವಾಸಿಗರು ನೋಡಲು ಹೋಗುತ್ತಾರೆ.

ಇವರು ಕೊಟ್ಟ ಉತ್ತರ ಏನು? ಫೋರ್ಡ್‌ನ ಪಶ್ಚಿಮದಲ್ಲಿ ಊರು ಕಟ್ಟುತ್ತಾರೆ, ಚರ್ಚ್ ಬರುತ್ತದೆ, ಕುಣಿಯುತ್ತಾರೆ. ಲಿಯೋನೆಯ ಪಶ್ಚಿಮದಲ್ಲಿ ಎಲ್ಲರೂ ದುಡ್ಡಿಗಾಗಿ ಬಂದವರು. ಗಡ್ಡ ಕೆರೆದುಕೊಳ್ಳುತ್ತಾರೆ, ನೊಣ ಓಡಿಸುತ್ತಾರೆ, ಸ್ನಾನ ಮಾಡಿ ತಿಂಗಳಾದಂತೆ ಕಾಣುತ್ತಾರೆ. ಜೊತೆಗೆ ಎನ್ನಿಯೋ ಮೊರಿಕೋನೆಯ ಸಂಗೀತ. ಸಿಳ್ಳೆ, ಚಾಟಿ, ಗಂಟೆ, ವಿದ್ಯುತ್ ಗಿಟಾರ್.

ಹಾಗಾದರೆ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯೇ ಶ್ರೇಷ್ಠ, ಅಲ್ವಾ?

ಹತ್ತು ಜನರನ್ನು ಕೇಳಿದರೆ ಜಾಸ್ತಿ ಜನ ಇದನ್ನೇ ಹೇಳುತ್ತಾರೆ. ತಪ್ಪಿಲ್ಲ. ಸ್ಮಶಾನದ ಕೊನೆಯ ಮೂವರ ಕಾಳಗಕ್ಕಿಂತ ಚೆನ್ನಾಗಿ ಸಂಕಲನ ಮಾಡಿದ ದೃಶ್ಯ ಈ ಪ್ರಕಾರದಲ್ಲಿ ಕಡಿಮೆ. ಆ ಸ್ಮಶಾನವನ್ನು ಸ್ಪೇನ್‌ನ ಸೈನಿಕರು ಬುರ್ಗೋಸ್ ಹತ್ತಿರ ಸಿನಿಮಾಗೆಂದೇ ಕಟ್ಟಿದ್ದರು. ಆಮೇಲೆ ಹುಲ್ಲು ಬೆಳೆದು ಮುಚ್ಚಿಹೋಗಿತ್ತು. ಸುಮಾರು ಐವತ್ತು ವರ್ಷದ ಮೇಲೆ ಅಭಿಮಾನಿಗಳೇ ಗುದ್ದಲಿ ಹಿಡಿದು ಮತ್ತೆ ಬಯಲಿಗೆ ತಂದರು. ಸೇತುವೆ ಸ್ಫೋಟದ ಕಥೆ ಇನ್ನೂ ಚೆನ್ನಾಗಿದೆ. ಕ್ಯಾಮೆರಾ ಓಡುವ ಮುಂಚೆಯೇ ತಪ್ಪಿ ಸಿಡಿಸಿಬಿಟ್ಟರು. ಸೇನೆಯವರೇ ಮತ್ತೆ ಕಟ್ಟಿಕೊಟ್ಟರು.

ನನ್ನ ಮತ ಮಾತ್ರ ಅವನ ಮುಂದಿನ ಸಿನಿಮಾಗೆ, 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'. ಒಂದೇ ಹೆಸರು ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಕಾರಣ ಇದೆ. ಅದುವರೆಗಿನ ಎಲ್ಲ ವೆಸ್ಟರ್ನ್‌ಗಳಿಗೂ ಅದು ಒಟ್ಟಿಗೆ ಉತ್ತರ ಕೊಡುತ್ತದೆ. ಶುರುವಿನಲ್ಲೇ ಮೂವರು ಕೊಲೆಗಡುಕರು ರೈಲಿಗೆ ಕಾಯುತ್ತಾರೆ, 'ಹೈ ನೂನ್'ನಲ್ಲಿ ಕಾದ ಹಾಗೆಯೇ. ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮಾತೇ ಇಲ್ಲದಷ್ಟು ಕಡಿಮೆ. ಗಾಳಿಯಂತ್ರ ಕಿರುಗುಟ್ಟುತ್ತದೆ, ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ, ಒಬ್ಬ ನೊಣವನ್ನು ಪಿಸ್ತೂಲಿನ ನಳಿಗೆಯಲ್ಲಿ ಹಿಡಿಯುತ್ತಾನೆ. ಆಮೇಲೆ ಒಂದು ಕುಟುಂಬದ ಕೊಲೆ. ಉಳಿದ ಪುಟ್ಟ ಹುಡುಗನ ಮುಂದೆ ಕೊಲೆಗಾರ ಬಂದು ನಿಲ್ಲುತ್ತಾನೆ, ಕ್ಯಾಮೆರಾ ಅವನ ಮುಖಕ್ಕೆ ತಿರುಗುತ್ತದೆ. ಹೆನ್ರಿ ಫೋಂಡಾ! ಫೋರ್ಡ್‌ನ ಸಿನಿಮಾಗಳಲ್ಲಿ ಪಶ್ಚಿಮದ ಹೆಸರಾಂತ ಕಾನೂನುಪಾಲಕ ವಯಾಟ್ ಅರ್ಪ್ ಆಗಿದ್ದವನು, ಲಿಂಕನ್ ಆಗಿದ್ದವನು. ಫೋಂಡಾ ಕಪ್ಪು ಕಣ್ಣಿನ ಲೆನ್ಸ್ ಹಾಕಿ, ಮೀಸೆ ಬಿಟ್ಟುಕೊಂಡು ಬಂದಿದ್ದನಂತೆ. ಲಿಯೋನೆ ಎರಡನ್ನೂ ತೆಗೆಸಿದ. ಅವನಿಗೆ ಬೇಕಿದ್ದದ್ದು ಜನ ನಂಬಿದ್ದ ಆ ನೀಲಿ ಕಣ್ಣೇ.

ಮೊರಿಕೋನೆ ಚಿತ್ರೀಕರಣಕ್ಕೆ ಮುಂಚೆಯೇ ರಾಗಗಳನ್ನು ಮಾಡಿಕೊಟ್ಟಿದ್ದ. ಅದನ್ನು ಸೆಟ್‌ನಲ್ಲಿ ಹಾಕಿ, ಆ ಗತಿಗೆ ನಟರು ನಡೆದರು. ಕ್ಲಾಡಿಯಾ ಕಾರ್ಡಿನಾಲೆ ರೈಲಿಳಿದು ಸ್ಟೇಷನ್ ದಾಟಿ ಊರೊಳಗೆ ಹೋಗುವಾಗ ಕ್ರೇನ್ ಮೇಲೆ ಏಳುವ ಆ ಒಂದು ಶಾಟ್ ನೋಡಿ. ಕೊನೆಗೆ ಗೆಲ್ಲುವವರು ಬಂದೂಕಿನವರಲ್ಲ, ರೈಲು ಮತ್ತು ನೀರು. ಆ ನೀರಿನ ಒಡತಿಯಾಗಿ ಉಳಿಯುವುದು ಒಬ್ಬ ಹೆಂಗಸು. ಇದು ನಿಧಾನ ಅನ್ನುವವರಿಗೆ ನನ್ನ ಬಳಿ ಉತ್ತರ ಇಲ್ಲ. ಹೌದು, ನಿಧಾನ.

'ಅನ್‌ಫರ್ಗಿವನ್' ಎಲ್ಲಿ ನಿಲ್ಲುತ್ತದೆ?

ಎರಡನೇ ಸ್ಥಾನ, ಅನುಮಾನವೇ ಇಲ್ಲ. ಈಸ್ಟ್‌ವುಡ್ ಆ ಚಿತ್ರಕಥೆಯನ್ನು ಎಂಬತ್ತರ ದಶಕದಲ್ಲೇ ಕೊಂಡು ಇಟ್ಟುಕೊಂಡಿದ್ದ. ತನಗೆ ವಯಸ್ಸಾಗಲಿ ಅಂತ ಕಾದ. 1992ರಲ್ಲಿ ತೆರೆಯ ಮೇಲೆ ಬಂದದ್ದು ಹಂದಿ ಹಿಡಿಯಲು ಹೋಗಿ ಕೆಸರಲ್ಲಿ ಬೀಳುವ, ಕುದುರೆ ಹತ್ತಲಾಗದ ಹಳೆಯ ಕೊಲೆಗಾರ. ಇಲ್ಲಿ ಒಬ್ಬನನ್ನು ಕೊಲ್ಲುವುದು ನಿಧಾನ, ಕೊಳಕು, ನಾಚಿಕೆಗೇಡು. ಹೊಟ್ಟೆಗೆ ಗುಂಡು ಬಿದ್ದವನು ನೀರು ಕೇಳುತ್ತಾನೆ, ಹೊಡೆದವರೇ 'ಅವನಿಗೆ ನೀರು ಕೊಡ್ರೋ' ಅಂತ ಕೂಗುತ್ತಾರೆ. ಇಪ್ಪತ್ತು ವರ್ಷ ತಾನೇ ಆಡಿದ ಪಾತ್ರಗಳ ಲೆಕ್ಕ ಒಪ್ಪಿಸಿದಂತಿದೆ. ಕೊನೆಗೆ 'ಸೆರ್ಜಿಯೋ ಮತ್ತು ಡಾನ್‌ಗೆ' ಅಂತ ಅರ್ಪಣೆ. ಲಿಯೋನೆ ಮತ್ತು ಡಾನ್ ಸೀಗಲ್, ಅವನ ಇಬ್ಬರು ಗುರುಗಳು.

ತಕರಾರೂ ಇದೆ. ಹಿಂಸೆ ಬೇಡ ಅನ್ನುವ ಸಿನಿಮಾ ಕ್ಲೈಮ್ಯಾಕ್ಸ್‌ನಲ್ಲಿ ಹಿಂಸೆಯ ರೋಮಾಂಚನ ಕೊಟ್ಟೇ ಕೊಡುತ್ತದೆ. ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ. ಅದು ಬೇಕಂತಲೇ ಮಾಡಿದ್ದು ಅಂತ ನನ್ನ ನಂಬಿಕೆ.

ಆಸ್ಕರ್ ಲೆಕ್ಕ ಹಿಡಿದರೆ?

ಹಿಡಿಯಬೇಡಿ. ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಅಪ್ಪಟ ವೆಸ್ಟರ್ನ್‌ಗಳು ಮೂರೇ. 1931ರ 'ಸಿಮರಾನ್', 1990ರ 'ಡಾನ್ಸಸ್ ವಿತ್ ವುಲ್ವ್ಸ್', 1992ರ 'ಅನ್‌ಫರ್ಗಿವನ್'. ಮೊದಲನೆಯದನ್ನು ಈಗ ಯಾರೂ ನೋಡುವುದಿಲ್ಲ.

ಮೂಲನಿವಾಸಿಗಳನ್ನು ಬರೀ ಶತ್ರುಗಳಂತೆ ತೋರಿಸಿದ ಸಿನಿಮಾಗಳನ್ನು ಶ್ರೇಷ್ಠ ಅನ್ನುವುದು ಹೇಗೆ?

ಸುಲಭವಾದ ಉತ್ತರ ಇಲ್ಲ. 'ಸ್ಟೇಜ್‌ಕೋಚ್'ನಲ್ಲಿ ಅಪಾಚೆಗಳು ಬರೀ ಅಟ್ಟಿಸಿಕೊಂಡು ಬರುವವರು. ಅವರು ಯಾಕೆ ಬರುತ್ತಾರೆ ಅಂತ ಸಿನಿಮಾ ಕೇಳುವುದೇ ಇಲ್ಲ. ಫೋರ್ಡ್ 1964ರ 'ಶಯನ್ ಆಟಮ್'ನಲ್ಲಿ ಅವರ ಕಡೆಯಿಂದ ಹೇಳಲು ನೋಡಿದ. ಆದರೆ ಮುಖ್ಯ ಪಾತ್ರಗಳನ್ನು ಮತ್ತೆ ಬೇರೆಯವರಿಗೇ ಕೊಟ್ಟ. 'ಡಾನ್ಸಸ್ ವಿತ್ ವುಲ್ವ್ಸ್'ನಲ್ಲಿ ಲಕೋಟಾ ಭಾಷೆಯ ಮಾತು ಉದ್ದಕ್ಕೂ ಇದೆ, ಮೂಲನಿವಾಸಿ ನಟರೂ ಇದ್ದಾರೆ. ಆದರೂ ಕಥೆಯ ನಾಯಕ ಬಿಳಿಯನೇ. ಈ ವಿಷಯದಲ್ಲಿ ನನಗೆ ಹಿಡಿಸಿದ್ದು 1995ರ 'ಡೆಡ್ ಮ್ಯಾನ್'. ಅದರಲ್ಲಿ ಗ್ಯಾರಿ ಫಾರ್ಮರ್ ಮಾಡಿದ 'ನೋಬಡಿ' ಎಂಬಾತ ವಿಲಿಯಂ ಬ್ಲೇಕ್‌ನ ಕವಿತೆ ಓದಿಕೊಂಡವನು. ಜೊತೆಗಿರುವ ಬಿಳಿಯನಿಗೆ ಆ ಕವಿ ಯಾರು ಅಂತಲೇ ಗೊತ್ತಿಲ್ಲ.

ಕಪ್ಪು ಜನ ಕೌಬಾಯ್ ಆಗಿರಲಿಲ್ವಾ? ಸಿನಿಮಾದಲ್ಲಿ ಕಾಣುವುದೇ ಇಲ್ಲ.

ಆಗಿದ್ದರು. ನಾಲ್ವರಲ್ಲಿ ಒಬ್ಬರು ಅನ್ನುವುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಗುಲಾಮನಾಗಿ ಹುಟ್ಟಿದ ಬಾಸ್ ರೀವ್ಸ್ ಮೂರು ದಶಕ ಡೆಪ್ಯುಟಿ ಮಾರ್ಷಲ್ ಆಗಿದ್ದ. ಹಾಲಿವುಡ್ ಅವರನ್ನು ಬಿಟ್ಟೇಬಿಟ್ಟಿತ್ತು. 1960ರಲ್ಲಿ ಫೋರ್ಡ್ 'ಸಾರ್ಜೆಂಟ್ ರಟ್ಲೆಜ್'ನಲ್ಲಿ ವುಡಿ ಸ್ಟ್ರೋಡ್‌ಗೆ ದೊಡ್ಡ ಪಾತ್ರ ಕೊಟ್ಟ. ಲಿಯೋನೆಯ ಸ್ಟೇಷನ್‌ನಲ್ಲಿ ಟೋಪಿ ಮೇಲೆ ನೀರು ತೊಟ್ಟಿಕ್ಕಿಸಿಕೊಳ್ಳುವವನು ಇದೇ ಸ್ಟ್ರೋಡ್. 1972ರಲ್ಲಿ ಸಿಡ್ನಿ ಪಾಯ್ಟಿಯರ್ ತಾನೇ ನಿರ್ದೇಶಿಸಿದ 'ಬಕ್ ಅಂಡ್ ದಿ ಪ್ರೀಚರ್' ನೋಡಿ.

ಹೆಂಗಸರಿಗೆ ಜಾಗ ಇರುವ ವೆಸ್ಟರ್ನ್?

1954ರ 'ಜಾನಿ ಗಿಟಾರ್'. ಹೆಸರು ಗಂಡಸಿನದು, ಸಿನಿಮಾ ಜೋನ್ ಕ್ರಾಫರ್ಡ್‌ಳದು. ಕೊನೆಯ ಕಾಳಗವೂ ಇಬ್ಬರು ಹೆಂಗಸರ ನಡುವೆ. 2010ರ 'ಮೀಕ್ಸ್ ಕಟಾಫ್'ನಲ್ಲಿ ನಿರ್ದೇಶಕಿ ಕೆಲ್ಲಿ ರೈಕಾರ್ಟ್ 1845ರ ಒರೆಗಾನ್ ದಾರಿಯನ್ನು ಗಾಡಿಯ ಹಿಂದೆ ನಡೆಯುವ ಹೆಂಗಸರ ಕಡೆಯಿಂದ ತೋರಿಸುತ್ತಾಳೆ. ಗಂಡಸರು ದೂರದಲ್ಲಿ ಏನೋ ತೀರ್ಮಾನ ಮಾಡುತ್ತಿರುತ್ತಾರೆ, ನಮಗೆ ಸರಿಯಾಗಿ ಕೇಳಿಸುವುದೂ ಇಲ್ಲ.

ಬೀದಿಯಲ್ಲಿ ಎದುರುಬದುರು ನಿಂತು ಗುಂಡು ಹೊಡೆಯುವುದು ನಿಜವಾಗಿ ನಡೆಯುತ್ತಿತ್ತಾ?

ತೀರಾ ಅಪರೂಪ. ಎಲ್ಲಕ್ಕಿಂತ ಹೆಸರಾದ ಓ.ಕೆ. ಕೊರಾಲ್ ಕಾಳಗ 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಮ್‌ಸ್ಟೋನ್‌ನಲ್ಲಿ ನಡೆಯಿತು. ಮುಗಿದದ್ದು ಸುಮಾರು 30 ಸೆಕೆಂಡಿನಲ್ಲಿ. ಸತ್ತವರು ಮೂವರು. ಜಾಗ ಕೊರಾಲ್ (ಕುದುರೆ ಕಟ್ಟುವ ದೊಡ್ಡಿ) ಕೂಡ ಅಲ್ಲ, ಅದರ ಹತ್ತಿರದ ಖಾಲಿ ನಿವೇಶನ. ಅದರಲ್ಲಿ ಉಳಿದ ವಯಾಟ್ ಅರ್ಪ್ 1929ರವರೆಗೆ ಬದುಕಿದ್ದ, ಸತ್ತದ್ದು ಲಾಸ್ ಏಂಜಲೀಸ್‌ನಲ್ಲಿ. ಕೌಬಾಯ್ ಸಿನಿಮಾ ನಟ ಟಾಮ್ ಮಿಕ್ಸ್ ಅವನ ಶವಕ್ಕೆ ಹೆಗಲು ಕೊಟ್ಟ.

ನಮ್ಮ 'ಶೋಲೆ'ಯನ್ನು ಈ ಚರ್ಚೆಗೆ ತರಬಹುದಾ?

ಧಾರಾಳವಾಗಿ. 1975ರ ಆಗಸ್ಟ್ 15ರಂದು ತೆರೆಕಂಡ ಆ ಸಿನಿಮಾದ ರಾಮಗಢ ನಮ್ಮ ರಾಮನಗರ. ಬೆಂಗಳೂರು–ಮೈಸೂರು ದಾರಿಯಲ್ಲಿ ಹೋಗುವವರಿಗೆ ಆ ಬಂಡೆಗಳು ಗೊತ್ತು. ಊರು ಕಾಯಲು ಕೂಲಿಗೆ ಬಂದವರು ಕುರೋಸಾವಾ ಮತ್ತು 'ಮ್ಯಾಗ್ನಿಫಿಸೆಂಟ್ ಸೆವೆನ್' ಕಡೆಯವರು. ಠಾಕೂರನ ಮನೆಯವರ ಕೊಲೆ ಲಿಯೋನೆಯ ಕಡೆಯದು. ಅಮಿತಾಭ್ ಊದುವ ಮೌತ್ ಆರ್ಗನ್ ಕೇಳಿದಾಗ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'ನಲ್ಲಿ ಮೌತ್ ಆರ್ಗನ್ ಊದುವ ಚಾರ್ಲ್ಸ್ ಬ್ರಾನ್ಸನ್ ನೆನಪಾಗದೆ ಇರುವುದಿಲ್ಲ. ತಗೊಂಡದ್ದು ನಿಜ. ಆದರೆ ಬಸಂತಿಯ ಮಾತು, ಜೈಲರ್‌ನ ಹಾಸ್ಯ, ವಿಧವೆ ಸೊಸೆ ದೀಪ ಆರಿಸುತ್ತಾ ಬರುವುದು ಯಾವ ವೆಸ್ಟರ್ನ್‌ನಲ್ಲೂ ಸಿಗುವುದಿಲ್ಲ. ನನ್ನ ಹತ್ತರಲ್ಲಿ ಇದಕ್ಕೆ ಜಾಗ ಇದೆ. ಅಭಿಮಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಕನ್ನಡದಲ್ಲಿ ಕೌಬಾಯ್ ಸಿನಿಮಾ ಬಂದಿತ್ತಾ?

1973ರಲ್ಲಿ ದ್ವಾರಕೀಶ್ ನಟಿಸಿದ 'ಕೌಬಾಯ್ ಕುಳ್ಳ' ಬಂದಿತ್ತು. ಅದಕ್ಕೆ ಎರಡು ವರ್ಷ ಮುಂಚೆ ತೆಲುಗಿನಲ್ಲಿ ಕೃಷ್ಣ ನಟಿಸಿದ 'ಮೋಸಗಾಳ್ಳಕು ಮೋಸಗಾಡು' ಗೆದ್ದಿತ್ತು. ಅದರ ನಿರ್ದೇಶಕ ಕೆ.ಎಸ್.ಆರ್. ದಾಸ್ ಮುಂದೆ ಕನ್ನಡದಲ್ಲೂ 'ಸಹೋದರರ ಸವಾಲ್'ನಂಥ ಸಿನಿಮಾ ಮಾಡಿದರು. ಇನ್ನೊಂದು ದಾರಿಯೂ ಇದೆ. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಕುರೋಸಾವಾನ ಸಮುರಾಯ್ ಸಿನಿಮಾಗಳ ನೆರಳಿನಲ್ಲಿ ಹುಟ್ಟಿದ್ದು. ಶಂಕರ್ ನಾಗ್ ಅದರಲ್ಲಿ ಕೂಲಿ ಸೈನಿಕ. ಲಿಯೋನೆ ಕುಡಿದ ಬಾವಿಯ ನೀರನ್ನೇ ಕಾರ್ನಾಡರೂ ಕುಡಿದರು. ಆದರೆ ಅವರು ಕಥೆಯನ್ನು ಹಳೆಯ ಕರ್ನಾಟಕದ ಪಾಳೆಯಗಳಿಗೆ ತಂದರು.

ನಿಮ್ಮ ಉಳಿದ ಹೆಸರುಗಳು?

ಲಿಯೋನೆ, 'ಅನ್‌ಫರ್ಗಿವನ್' ಆದ ಮೇಲೆ 'ದಿ ಸರ್ಚರ್ಸ್'. ಆಮೇಲೆ 'ರಿಯೋ ಬ್ರಾವೋ'. ಐದನೆಯದು 'ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್'. ಲೆನರ್ಡ್ ಕೋಹೆನ್‌ನ ಹಾಡು, ಮಂಜು, ಊರೆಲ್ಲ ಚರ್ಚಿನ ಬೆಂಕಿ ಆರಿಸುತ್ತಿರುವಾಗ ಯಾರ ಗಮನಕ್ಕೂ ಬಾರದೆ ಸಾಯುವ ನಾಯಕ. 'ದಿ ವೈಲ್ಡ್ ಬಂಚ್' ಬೇಕೇ ಬೇಕು. ಉಳಿದ ಜಾಗಗಳಲ್ಲಿ 'ಹೈ ನೂನ್', 'ಶೋಲೆ', 'ಡೆಡ್ ಮ್ಯಾನ್', 'ಜಾನಿ ಗಿಟಾರ್'. ಇವುಗಳ ಕ್ರಮ ತಿಂಗಳಿಗೊಮ್ಮೆ ಬದಲಾಗುತ್ತದೆ. 'ಬುಚ್ ಕ್ಯಾಸಿಡಿ' ಬಿಟ್ಟದ್ದಕ್ಕೆ ಬೈಯುವವರು ಬೈಯಲಿ. ಆ ಸೈಕಲ್ ಹಾಡು ನನಗೆ ಆಗಿಬರುವುದಿಲ್ಲ.

ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?

'ಹೈ ನೂನ್'. ಚಿಕ್ಕದು, ಬಿಗಿಯಾದದ್ದು, ಕಪ್ಪು ಬಿಳುಪು ಅಂತ ಹೆದರಬೇಡಿ. ಅದರ ಬೆನ್ನಿಗೇ 'ರಿಯೋ ಬ್ರಾವೋ'. ಆಮೇಲೆ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'. 'ದಿ ಸರ್ಚರ್ಸ್' ಅನ್ನು ಮೊದಲೇ ನೋಡಬೇಡಿ, ಅದು ಯಾರಿಗೆ ಉತ್ತರ ಕೊಡುತ್ತಿದೆ ಅಂತ ಗೊತ್ತಾಗುವುದಿಲ್ಲ. 'ಸ್ಟೇಜ್‌ಕೋಚ್' ನೋಡಿದ ಮೇಲೆ ನೋಡಿ. 'ಅನ್‌ಫರ್ಗಿವನ್' ಕೂಡ ಹಾಗೆಯೇ, ಈಸ್ಟ್‌ವುಡ್‌ನ ಹಳೆಯ ಎರಡು ಸಿನಿಮಾ ಆದಮೇಲೆ.

'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ನೋಡುವಾಗ ಎಷ್ಟು ನಿಮಿಷದ್ದು ಅಂತ ಮೊದಲು ನೋಡಿಕೊಳ್ಳಿ. ಅಮೆರಿಕದಲ್ಲಿ ಆಗ 145 ನಿಮಿಷಕ್ಕೆ ಕತ್ತರಿಸಿ ಬಿಟ್ಟಿದ್ದರು, ಓಡಲಿಲ್ಲ. ನಿಮಗೆ ಬೇಕಿರುವುದು 165 ನಿಮಿಷದ್ದು. ಫೋನಿನಲ್ಲಿ ಮಾತ್ರ ನೋಡಬೇಡಿ.